ಹುಲಿಗೆಮ್ಮನ ಮುಖದ ಮೊದಲ ಪದ

ಶಾಲೆಯ ಅಡುಗೆಮನೆಯ ಬಾಗಿಲು ಹುಲಿಗೆಮ್ಮನಿಗೆ ತೆರೆಯಲಿಲ್ಲ.

ಶಾಲೆಯ ಹಿಂದಿನ ಬೀದಿಗೆ ತೆರೆಯುವ ಆ ಬಾಗಿಲ ನೆತ್ತಿಯ ಮೇಲೆ ಗೋಲಿಯಷ್ಟು ದೊಡ್ಡದೊಂದು ಗಾಜು ಕೂತಿತ್ತು. ಊರವರು ಅದನ್ನು ಕಣ್ಣು ಅನ್ನುತ್ತಿದ್ದರು. ಎದುರು ನಿಂತವರ ಮುಖ ನೋಡಿ ಅದು ಹಸಿರು ದೀಪ ಹೊತ್ತಿಸಿದರೆ ಬಾಗಿಲು ಸರಿಯುತ್ತಿತ್ತು, ಕೆಂಪು ಹೊತ್ತಿಸಿದರೆ ಇಲ್ಲ. ತರಕಾರಿ ತಂದವನಿಗೆ ಹಸಿರು. ಬಾಯಲ್ಲಿ ಗುಟಕಾ ತುಂಬಿಕೊಂಡು ಸಿಲಿಂಡರ್ ಹೊತ್ತು ತಂದವನಿಗೂ ಹಸಿರು. ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದ ಹೊಸ ಮುಖ್ಯ ಅಡುಗೆಯವಳಿಗೆ ಮಾತ್ರ ಕೆಂಪು. ದೀಪದ ಕೆಳಗೆ ಅಕ್ಷರಗಳು ಓಡಿದವು: ನೈರ್ಮಲ್ಯಕ್ಕೆ ಅಪಾಯ.

"ಏನ್ ಅಂತೈತ್ರಿ ಅದು?" ಹುಲಿಗೆಮ್ಮ ಪಕ್ಕದಲ್ಲಿದ್ದ ಪ್ರಾಂಶುಪಾಲ ಚನ್ನವೀರಪ್ಪನವರನ್ನು ಕೇಳಿದಳು.

"ಒಳಗ ಬಿಡೂದಿಲ್ಲ ಅಂತದವಾ."

"ನಾ ಹೊಲಸು ಅದೀನಿ ಅಂತೈತೇನ್ರಿ?"

"ಛೆ ಛೆ, ನಾವ್ಯಾರೂ ಹಂಗ ಅಂದಿಲ್ಲ. ಯಂತ್ರ ಅಂತದ. ಯಂತ್ರಕ್ಕ ಜಾತಿ ಎಲ್ಲಿಂದ ಬರಬೇಕು, ನೀನ ಹೇಳು?"

ಜಾತಿಯ ಮಾತನ್ನು ಹುಲಿಗೆಮ್ಮ ಎತ್ತಿರಲಿಲ್ಲ.

ಅವಳಿಗೆ ಈ ಕೆಲಸ ಯಾರ ಕೃಪೆಯಿಂದಲೂ ಬಂದಿರಲಿಲ್ಲ. ಕೊಪ್ಪಳದ ಹೊರವಲಯದಲ್ಲಿ ಎದ್ದ ಈ ಮಾದರಿ ಶಾಲೆ, ಅಡುಗೆಯವರನ್ನು ಆರಿಸಲು ಒಂದು ಪರೀಕ್ಷೆ ಇಟ್ಟಿತ್ತು. ಹೆಸರು ಮುಚ್ಚಿಟ್ಟು, ಪಾತ್ರೆಗಳನ್ನಷ್ಟೇ ಸಾಲಾಗಿ ಇಟ್ಟು, ಮಕ್ಕಳಿಗೆ ಬಡಿಸಿ, ಯಾವುದು ಬೇಕೆಂದು ಕೇಳಿದ್ದರು. ಮಕ್ಕಳು ಹುಲಿಗೆಮ್ಮನ ಸಾರಿನ ಪಾತ್ರೆಯನ್ನು ಬಳಿದು ನೆಕ್ಕಿದ್ದರು. ಮುಖ ಕಾಣದ ಕಡೆ ಅವಳು ಗೆದ್ದಿದ್ದಳು. ಈಗ ಮುಖ ತೋರಿಸಬೇಕಾಗಿತ್ತು. ಸೋಮವಾರದೊಳಗೆ ಅಡುಗೆಮನೆಗೆ ಹೋಗಿ ಕೆಲಸಕ್ಕೆ ಹಾಜರಾಗದಿದ್ದರೆ ಹುದ್ದೆ ಮುಂದಿನವಳಿಗೆ ಹೋಗುತ್ತಿತ್ತು.

ಮಗಳು ಸಂಘಮಿತ್ರಾ ಸಂಜೆ ಮನೆಗೆ ಬಂದಾಗ ತಾಯಿ ಬಚ್ಚಲಲ್ಲಿ ಕೂತು ಮೊಣಕೈ ತಿಕ್ಕುತ್ತಿದ್ದಳು. ಸೀಗೆಪುಡಿ, ಸಾಬೂನು, ತೆಂಗಿನ ನಾರು ಎಲ್ಲ ಸುತ್ತ ಹರಡಿದ್ದವು. ಚರ್ಮ ಕಂದಿ ಹೋಗಿತ್ತು.

"ಎಷ್ಟ್ ತಿಕ್ತಿ ಬೇ? ಸುಲದ್ ಹೋದೀತು."

"ಸುಲದ್ರ ಒಳಗ ಬೆಳ್ಳಗ ಇದ್ದೀತು ತಗೋ." ಹುಲಿಗೆಮ್ಮ ತಂಬಿಗೆ ಮಗುಚಿಕೊಂಡಳು. "ನಿಮ್ಮಪ್ಪ ಇದ್ದಿದ್ರ ಇಷ್ಟೊತ್ತಿಗೆ ಶಾಲಿ ಮುಂದ ಭಾಷಣ ಹೊಡಿತಿದ್ದ. ನೀ ನೋಡಿದ್ರ ಕಂಬ ನಿಂತಂಗ ನಿಂತಿ."

ಅಪ್ಪ ಯಮನಪ್ಪ ಕೇರಿಯ ಸಮುದಾಯ ಭವನದಲ್ಲಿ ಭಾನುವಾರ ಓದುಕೂಟ ನಡೆಸುತ್ತಿದ್ದವನು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೂತು ಜಗಳಾಡುವುದು. ಮಗಳಿಗೆ ಸಂಘಮಿತ್ರಾ ಅಂತ ಹೆಸರಿಟ್ಟು ಊರೆಲ್ಲ ಪೂರ್ತಿ ಹೆಸರು ಕರೆಯಬೇಕೆಂದು ಹಟ ಹಿಡಿದಿದ್ದ. ಅವನು ಸತ್ತ ಮೇಲೆ ಅದು ಸಂಗಿ ಆಯಿತು. ಆ ಸಂಗಿ ಈಗ ಬಚ್ಚಲ ಬಾಗಿಲಿಗೆ ಒರಗಿದಳು. ತಾಯಿಗೆ ಬಾಗಿಲು ಯಾಕೆ ತೆರೆಯಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅವಳು ಕೆಲಸ ಮಾಡುತ್ತಿದ್ದದ್ದು ಪದಕೇಂದ್ರದಲ್ಲಿ. ಚಿತ್ರಸಂತೆ ಅನ್ನುವ ಆನ್‌ಲೈನ್ ಮಾರುಕಟ್ಟೆಗೆ ದೇಶದ ಎಲ್ಲೆಡೆಯಿಂದ ಫೋಟೊಗಳು ಬರುತ್ತಿದ್ದವು. ಜಾಹೀರಾತಿನವರು, ಪತ್ರಿಕೆಯವರು, ಔಷಧ ಕಂಪನಿಯವರು ಅಲ್ಲಿ ಒಂದು ಪದ ಟೈಪ್ ಮಾಡಿ ಬೇಕಾದ ಚಿತ್ರ ಹುಡುಕಿ ಕೊಳ್ಳುತ್ತಿದ್ದರು. ಯಾವ ಚಿತ್ರಕ್ಕೆ ಯಾವ ಪದ ಅಂಟಿಸಬೇಕು ಅನ್ನುವುದೇ ಸಂಗಿಯಂಥ ಹುಡುಗಿಯರ ಕೆಲಸ. ಕನ್ನಡದಲ್ಲಿ ಬರೆದರೆ ಸಾಕು, ಯಂತ್ರ ಅದನ್ನು ಲೋಕದ ಭಾಷೆಗಳಿಗೆಲ್ಲ ಒಯ್ಯುತ್ತಿತ್ತು. ಮೊದಲ ಸಾಲಿನ ಪದಗಳಿಗೆ ತೂಕ ಹೆಚ್ಚು, ಎಲ್ಲಕ್ಕಿಂತ ಮೊದಲ ಪದಕ್ಕೆ ಇನ್ನೂ ಹೆಚ್ಚು. ಕೇಂದ್ರದ ಮೇಲ್ವಿಚಾರಕ ಶ್ರೀವತ್ಸ ಹೊಸಬರಿಗೆ ಕಲಿಸುತ್ತಿದ್ದ ಮೊದಲ ಪಾಠ ಇಷ್ಟೇ: "ಕಂಡದ್ದನ್ನ ಬರೀಬ್ಯಾಡ್ರಿ. ಕೊಳ್ಳಾವ ಏನ್ ಹುಡುಕ್ತಾನ, ಅದನ್ನ ಬರೀರಿ."

ಆ ಮಳೆಗಾಲದ ಚಿತ್ರವನ್ನು ಸಂಗಿ ಮರೆತಿರಲಿಲ್ಲ. ಮಾರುಕಟ್ಟೆಯ ಹಿಂದಿನ ಕೊಳಚೆ ಗುಂಡಿಗೆ ಗೌಡರ ಓಣಿಯ ಕರುವೊಂದು ಬಿದ್ದಿತ್ತು. ಓಣಿಯೆಲ್ಲ ದಂಡೆಯ ಮೇಲೆ ನಿಂತು ಮೊಬೈಲು ಹಿಡಿದಿತ್ತು. ಸೊಪ್ಪು ಕೊಳ್ಳಲು ಬಂದಿದ್ದ ಹುಲಿಗೆಮ್ಮ ಸೆರಗು ಬಿಗಿದು ಇಳಿದುಬಿಟ್ಟಳು. ಎದೆಮಟ್ಟದ ರೊಚ್ಚಿನಲ್ಲಿ ಕರುವನ್ನು ಅಪ್ಪಿ ಎತ್ತಿದಳು. ಕರುವಿನ ಒಡೆಯ ಅವಳ ಮೈ ತಾಗದಂತೆ ಮೇಲಿಂದಲೇ ಹಗ್ಗ ಎಸೆದು ಕರುವನ್ನಷ್ಟೇ ಎಳೆದುಕೊಂಡ. ಅಲ್ಲಿದ್ದ ಫೋಟೊಗ್ರಾಫರ್ ಅವಳ ಮುಖವನ್ನು ಹತ್ತಿರದಿಂದ ಹಿಡಿದಿದ್ದ. ಚಿತ್ರ ಸಂಗಿಯ ಮೇಜಿಗೇ ಬಂತು. ಅವಳು ಹೆಮ್ಮೆಯಿಂದ ಬರೆದಳು: ಧೈರ್ಯ, ಕರುಣೆ, ರಕ್ಷಣೆ, ತಾಯಿ. ತಾಯಿಯಿಂದ ಒಪ್ಪಿಗೆಯ ಹೆಬ್ಬೆಟ್ಟನ್ನೂ ತಾನೇ ಒತ್ತಿಸಿಕೊಂಡು ಬಂದಳು.

ಚಿತ್ರವನ್ನು ಯಾರೂ ಕೊಳ್ಳಲಿಲ್ಲ. ಧೈರ್ಯ ಹುಡುಕುವವರಿಗೆ ಬೆಟ್ಟದ ತುದಿಯಲ್ಲಿ ಕೈ ಎತ್ತಿ ನಿಂತ ಬಿಳಿ ಹುಡುಗ ಬೇಕಿತ್ತು. ಕರುಣೆ ಹುಡುಕುವವರಿಗೆ ನರ್ಸಮ್ಮ ಬೇಕಿತ್ತು. ಶ್ರೀವತ್ಸ ಅವಳ ಕುರ್ಚಿಯ ಹಿಂದೆ ಬಂದು ನಿಂತ. "ಮಾಲು ಛಲೋ ಐತಿ, ಚೀಟಿ ತಪ್ಪು ಅಂಟಿಸೀರಿ. ಕೊಳ್ಳಾವನ ಬಾಯಾಗ ಏನ್ ಬರ್ತದ ಹೇಳ್ರಿ?" ಸಂಗಿ ತಲೆ ತಗ್ಗಿಸಿದಳು. ಆ ವರ್ಷ ಮೇಲಿನ ದರ್ಜೆಗೆ ಏರಬೇಕಾದ ಹುಡುಗಿಯರ ಸಾಲಿನಲ್ಲಿ ಅವಳಿದ್ದಳು. ಪದಗಳನ್ನು ಅವಳೇ ಅಳಿಸಿದಳು, ಅವಳೇ ಬರೆದಳು. ಕೊಳಕು, ದಾರಿದ್ರ್ಯ, ಚರಂಡಿ, ರೋಗ, ಅನಾಗರಿಕ.

ಚಿತ್ರ ಬೆಂಕಿಯಂತೆ ಮಾರಿತು. ಕಕ್ಕಸು ತೊಳೆಯುವ ದ್ರಾವಣದ ಡಬ್ಬಿಯ ಮೇಲೆ, ಕಾಲರಾದ ಭಿತ್ತಿಪತ್ರದಲ್ಲಿ, ಯಾವುದೋ ದೇಶದ ದಾನಿಗಳ ಕ್ಯಾಲೆಂಡರಿನಲ್ಲಿ ಹುಲಿಗೆಮ್ಮನ ಮುಖ ಬಂತು. ಕರುವನ್ನು ಕತ್ತರಿಸಿ ತೆಗೆದಿದ್ದರು.

ಅಷ್ಟಕ್ಕೇ ನಿಂತಿದ್ದರೆ ಅದೊಂದು ಅವಮಾನವಾಗಿ ಉಳಿಯುತ್ತಿತ್ತು. ಆದರೆ ಕಣ್ಣನ್ನು ತಯಾರಿಸಿದ ಕಂಪನಿ ಅದಕ್ಕೆ ಲೋಕವನ್ನು ತೋರಿಸಿ ಕಲಿಸಲು ಹೋಗಲಿಲ್ಲ. ಅದಕ್ಕೆ ಬಹಳ ಕಾಲ ಬೇಕು. ಚಿತ್ರಸಂತೆಯ ಚಿತ್ರಗಳನ್ನೆಲ್ಲ ಪದಗಳ ಸಮೇತ ಸಗಟಾಗಿ ಕೊಂಡು ಯಂತ್ರಕ್ಕೆ ಉಣಿಸಿತು. ಯಾವ ಪದದಿಂದ ಯಾವ ಮುಖ ಹೆಚ್ಚು ಮಾರಿತೋ ಆ ಪದವೇ ಆ ಮುಖದ ಸತ್ಯ ಎಂದು ಕಣ್ಣು ಕಲಿಯಿತು. ಅಂಥ ಕಣ್ಣುಗಳು ಬ್ಯಾಂಕಿಗೆ ಬಂದವು, ಆಸ್ಪತ್ರೆಗೆ ಬಂದವು, ಶಾಲೆಯ ಅಡುಗೆಮನೆಗೆ ಬಂದವು. ಹಿಂದೆ ಊರಬಾವಿಗೆ ಕಾವಲು ನಿಂತವನಿಗೆ ಒಂದು ಹೆಸರಿತ್ತು, ಮನೆಯಿತ್ತು. ಅವನ ಮನೆಯ ಮುಂದೆ ಹಲಗೆ ಬಾರಿಸಿ ಧರಣಿ ಕೂರಬಹುದಿತ್ತು. ಈ ಕಾವಲುಗಾರನಿಗೆ ಹೊಸ್ತಿಲೇ ಇಲ್ಲ. ಎಲ್ಲಿ ಕೂರುವುದು?

ಸಂಗಿ ಬಚ್ಚಲ ಬಾಗಿಲಲ್ಲೇ ಕೂತು ತಾಯಿಗೆ ಎಲ್ಲ ಹೇಳಿದಳು.

ಹುಲಿಗೆಮ್ಮ ತಂಬಿಗೆಯನ್ನು ಕೆಳಗಿಟ್ಟಳು. "ಅಂದ್ರ ಅದನ್ನ ಬರದಾಕಿ ನೀನ?"

"ಹ್ಞೂಂ ಬೇ."

"ಊರವ್ರು ಅಂದಿದ್ರ ನಾ ಅವ್ರ ಬಾಯಿಗೆ ಬೂದಿ ಹಾಕ್ತಿದ್ದೆ." ಅವಳು ಸೀರೆಯನ್ನು ಎಳೆದುಕೊಂಡಳು. "ನಿನಗ ಅಕ್ಷರ ಕಲಿಸ್ಲಿ ಅಂತ ನಿಮ್ಮಪ್ಪ ಯಾರ್ಯಾರ ಮನಿ ಬಾಗಿಲ ತುಳದಾನ. ಕಲತಾಕಿ ನನ್ನ ಮಾರಿ ಮ್ಯಾಲ ಅದನ್ನ ಬರದಿ. ಛಲೋ ಆತು."

ಆ ರಾತ್ರಿ ಒಲೆ ಹೊತ್ತಿಸಲಿಲ್ಲ.

ಮಾರನೆಯ ದಿನ ಹುಲಿಗೆಮ್ಮ ಮತ್ತೆ ಶಾಲೆಗೆ ಹೋದಳು. ಸಂಗಿ ರಜೆ ಹಾಕಿ ಜೊತೆಗೆ ಹೋದಳು. ತಾಯಿ ಬೇಡವೆನ್ನಲಿಲ್ಲ. ಕಣ್ಣು ಮತ್ತೆ ಕೆಂಪಾಯಿತು. ಚನ್ನವೀರಪ್ಪ ತಲೆ ಕೆರೆದುಕೊಳ್ಳುತ್ತ ನಿಂತರು. ಕಾಯುತ್ತ ನಿಂತ ಹುಲಿಗೆಮ್ಮನ ಕಾಲಿಗೆ, ಹೊಸ್ತಿಲ ಬಳಿ ಯಾರೋ ಅಡ್ಡ ಬಿಟ್ಟುಹೋಗಿದ್ದ ಕಸಬರಿಗೆ ತೊಡರಿತು. ಬದಿಗಿಡೋಣವೆಂದು ಅವಳು ಅದನ್ನು ಕೈಗೆತ್ತಿಕೊಂಡಳು.

ದೀಪ ಹಸಿರಾಯಿತು. ಬಾಗಿಲು ಸದ್ದಿಲ್ಲದೆ ಸರಿಯಿತು.

ಒಳಗಿನ ಉಕ್ಕಿನ ಒಲೆಗಳು, ದೊಡ್ಡ ಹಂಡೆಗಳು, ಅಕ್ಕಿಯ ಚೀಲಗಳು ಕಂಡವು. ಹುಲಿಗೆಮ್ಮ ಕಸಬರಿಗೆಯನ್ನು ಕೆಳಗಿಟ್ಟಳು. ಬಾಗಿಲು ಮುಚ್ಚಿತು. ಎತ್ತಿಕೊಂಡಳು. ತೆರೆಯಿತು.

ಚನ್ನವೀರಪ್ಪನವರ ಮುಖ ಅರಳಿತು. "ನೋಡವಾ, ದಾರಿ ಸಿಕ್ತಲ್ಲ! ಕಸ ಹೊಡಿಯಾಕ ಒಬ್ಬರು ಬೇಕಾಗೇ ಅದಾರ. ಅದೂ ನಮ್ಮ ಶಾಲೀದ ಕೆಲಸನ. ಹಿಂದಿನ ಬಾಗಿಲ ನಿನಗ ಸದಾ ತೆರದಿರ್ತದ."

"ಕಸಬರಿಗಿ ಹಿಡಕೊಂಡ ಅನ್ನ ಬಸೀಲೇನ್ರಿ?" ಅಂದಳು ಹುಲಿಗೆಮ್ಮ. ಕಸಬರಿಗೆಯನ್ನು ಪ್ರಾಂಶುಪಾಲರ ಕೈಗೇ ಕೊಟ್ಟಳು. ಅವರು ಗೊತ್ತಾಗದೆ ಹಿಡಿದುಕೊಂಡರು. ಕಣ್ಣು ಅವರಿಗೂ ಹಸಿರು ತೋರಿತು. ಅವರಿಗೆ ಅದು ಕಸಬರಿಗೆ ಇಲ್ಲದಾಗಲೂ ಹಸಿರೇ.

ಅಲ್ಲಿಂದ ಸಂಗಿ ನೇರ ಪದಕೇಂದ್ರಕ್ಕೆ ಹೋದಳು. ಪಕ್ಕದ ಮೇಜಿನ ಶಾಹೀನ್ ಬೇಗಂ ಅವಳಿಗಿಂತ ಹಳಬಳು, ಯಂತ್ರದ ನರನಾಡಿ ಬಲ್ಲವಳು.

"ಹಳೇ ಚಿತ್ರದ ಪದ ಬದಲಿಸಿದ್ರ?"

"ಬದಲಿಸವಾ, ಯಾರ್ ಬ್ಯಾಡಂದ್ರು? ಮಾರಿಹೋದ ಮಾಲಿನ ಚೀಟಿ ಮಾಲಿನ ಕೂಡ ಹೋಗೇತಿ. ಇಲ್ಲಿ ಬದಲಿಸಿದ್ರ ಇಲ್ಲಷ್ಟ ಬದಲಾಕ್ಕೈತಿ." ಶಾಹೀನ್ ತುಸು ಯೋಚಿಸಿದಳು. "ಆದ್ರ ಕಣ್ಣು ಹೊಸಾ ಚಿತ್ರಾನೂ ದಿನಾ ನೋಡತೈತಿ. ನಿಮ್ಮವ್ವಂದು ಹೊಸಾ ಫೋಟೊ ಹಾಕು. ಅಡಗಿ ಮಾಡೂದು. ಮೊದಲ ಪದ ಶುದ್ಧ. ನಾವ ನಾಕ ಮಂದಿ ಹುಡಿಗ್ಯಾರು ಗೆಳತ್ಯಾರಿಗೆ ಹೇಳಿ ಕೊಳ್ಳಸ್ತೀವಿ. ಪದದ ತೂಕ ಆ ಕಡಿ ವಾಲಬೇಕು."

ಶಾಹೀನಳೇ ಕೇರಿಗೆ ಬಂದು ಫೋಟೊ ತೆಗೆದಳು. ಬೆಳಗಿದ ತಪ್ಪೇಲಿ, ಬಿಳಿ ಟೊಪ್ಪಿಗೆ, ಕಿಟಕಿಯ ಬೆಳಕು. "ನಗರಿ ಅತ್ತೀ, ಮದುವಿ ಫೋಟೊಕ್ಕ ನಿಂತಂಗ ಬಿಗೀಬ್ಯಾಡ್ರಿ" ಅಂದಳು. "ಮದುವ್ಯಾಗೂ ನಕ್ಕಿರಲಿಲ್ಲ ತಂಗಿ, ನಮ್ಮ ಯಜಮಾನ ಅಲ್ಲೂ ಪುಸ್ತಕ ತಂದಿದ್ದ" ಅಂದು ಹುಲಿಗೆಮ್ಮ ಮೊದಲ ಬಾರಿ ನಕ್ಕಳು. ಆ ನಗು ಚಿತ್ರದಲ್ಲಿ ಬಂತು.

ಸಂಗಿ ಬರೆದಳು: ಶುದ್ಧ, ಅಡುಗೆ, ಆರೋಗ್ಯ, ರುಚಿ.

ಪರದೆ ಕೆಂಪಾಯಿತು. "ಮೊದಲ ಪದ ಚಿತ್ರಕ್ಕೆ ಹೊಂದುವುದಿಲ್ಲ. ಕೊಳ್ಳುವವರನ್ನು ದಾರಿ ತಪ್ಪಿಸುವ ಪದಗಳನ್ನು ಬಳಸಬೇಡಿ."

ಸುಳ್ಳು ಪದ ಅಂಟಿಸಿ ಮಾಲು ತಳ್ಳುವವರನ್ನು ತಡೆಯಲು ಚಿತ್ರಸಂತೆ ಒಂದು ತಪಾಸಣೆ ಇಟ್ಟಿತ್ತು. ತಪಾಸಣೆ ಮಾಡುತ್ತಿದ್ದದ್ದು ಅದೇ ಕಣ್ಣು. ಆ ಮುಖ ಕೊಳಕೆಂದು ಕಣ್ಣಿಗೆ ಕಲಿಸಿದ್ದು ಚಿತ್ರಸಂತೆ. ಈಗ ಚಿತ್ರಸಂತೆಗೆ ಆ ಮುಖ ಶುದ್ಧವಲ್ಲವೆಂದು ಹೇಳುತ್ತಿದ್ದದ್ದು ಕಣ್ಣು. ಕಳ್ಳನಿಗೆ ಸುಳ್ಳ ಸಾಕ್ಷಿ ಅಂತಾರಲ್ಲ, ಇಲ್ಲಿ ಇಬ್ಬರೂ ಒಬ್ಬನೇ. ಸಂಗಿ ಪದ ಬದಲಿಸಿದಳು: ಸ್ವಚ್ಛ. ಹೊಂದುವುದಿಲ್ಲ. ಮಡಿ. ಹೊಂದುವುದಿಲ್ಲ. ಬಾಣಸಿಗಿತ್ತಿ. ಹೊಂದುವುದಿಲ್ಲ. ಕೊನೆಗೆ ಯಂತ್ರವೇ ಕನಿಕರಪಟ್ಟು ಸಲಹೆ ಕೊಟ್ಟಿತು: ಕೆಲಸದಾಕೆ.

"ಅಲ್ಲಾ!" ಶಾಹೀನ್ ಹಣೆ ಬಡಿದುಕೊಂಡಳು. "ನನ್ನ ಮೈದುನನ ಚಿತ್ರಕ್ಕ ಯಾವ ಪದ ಸಲಹೆ ಕೊಟ್ಟಿತ್ತು ಹೇಳ್ಲೇನು? ಪ್ಯಾಟ್ಯಾಗ ಮಾವಿನಹಣ್ಣು ಮಾರಾಕತ್ತಾನ. ಶಂಕಿತ ಅಂತ!"

ಸೋಮವಾರ ಬಂತು. ಹುಲಿಗೆಮ್ಮ ಬೆಳಿಗ್ಗೆಯೇ ಎದ್ದು ಕೇರಿಯ ಹೆಂಗಸರನ್ನು ಕೂಗಿದಳು. ಮದುವೆಮನೆಯ ದೊಡ್ಡ ಹಂಡೆ ಹೊರಬಂತು. ಮನೆಮನೆಯಿಂದ ಅಕ್ಕಿ, ಬೇಳೆ, ಸೊಪ್ಪು ಬಂದವು.

"ಏನ್ ಮಾಡ್ತಿ ಬೇ?"

"ನನ್ನ ಕೆಲಸ ಮಾಡ್ತೀನಿ. ಸೋಮವಾರ ಹಾಜರಾಗು ಅಂದಾರ, ಹಾಜರ್ ಆಕ್ಕೀನಿ. ಒಳಗ ಬಿಡದಿದ್ರ ಹೊರಗ."

ಶಾಲೆಯ ದೊಡ್ಡ ಗೇಟಿನ ಎದುರು, ರಸ್ತೆಯ ಆಚೆ, ಮೂರು ಕಲ್ಲು ಹೂಡಿ ಅವಳು ಅಡುಗೆಗೆ ನಿಂತಳು. ಒಳಗೆ ಅಡುಗೆಯವಳಿಲ್ಲದೆ ಮಕ್ಕಳಿಗೆ ಹಲವು ದಿನಗಳಿಂದ ಬಿಸ್ಕಿಟು, ಬಾಳೆಹಣ್ಣಷ್ಟೇ ಸಿಗುತ್ತಿತ್ತು. ಊಟದ ಗಂಟೆ ಹೊಡೆದಾಗ ಒಗ್ಗರಣೆಯ ವಾಸನೆ ಗೇಟು ದಾಟಿತು. ಪರೀಕ್ಷೆಯ ದಿನ ಆ ಸಾರು ಉಂಡಿದ್ದ ಮಕ್ಕಳು ಅದನ್ನು ಗುರುತು ಹಿಡಿದರು. ಗೇಟಿನ ಮೇಲೂ ಅಂಥದೇ ಕಣ್ಣಿತ್ತು, ಆದರೆ ಹೊರಗೆ ಹೋಗುವವರನ್ನು ಅದು ತಡೆಯುತ್ತಿರಲಿಲ್ಲ. ಮೊದಲು ಕೇರಿಯ ಮಕ್ಕಳು ಬಂದರು, ಆಮೇಲೆ ಬಸ್‌ಸ್ಟ್ಯಾಂಡ್ ಕಡೆಯವರು, ಆಮೇಲೆ ಶಾಲಾ ಸಮಿತಿಯ ಅಧ್ಯಕ್ಷ ಬಸವಂತಗೌಡರ ಮೊಮ್ಮಗಳು ಪ್ರಣಿತಾ. ಎಲ್ಲ ಹುಲಿಗೆಮ್ಮನನ್ನು ಮುತ್ತಿಕೊಂಡು ತಟ್ಟೆ ಚಾಚಿದರು. "ಅಜ್ಜೀ, ನನಗ ಮ್ಯಾಲಿಂದ ಬ್ಯಾಡ, ತಳದಾಗಿಂದ ಹಾಕ್ರಿ" ಅಂದಳು ಪ್ರಣಿತಾ. ಹುಲಿಗೆಮ್ಮ ಅವಳ ಕೆನ್ನೆಗೆ ಅಂಟಿದ ಅನ್ನದಗುಳನ್ನು ಸೆರಗಿನಿಂದ ಒರೆಸಿದಳು. ಗೇಟಿನ ಕಣ್ಣು ರಸ್ತೆಯ ಆಚೆಯಿಂದ ಅದನ್ನೆಲ್ಲ ನೋಡುತ್ತಿತ್ತು.

ಊಟ ಮುಗಿಸಿ ಮಕ್ಕಳು ಗೇಟಿಗೆ ಓಡಿದರು. ಮೊದಲ ಹುಡುಗನಿಗೆ ಕೆಂಪು. ಹಿಂದಿನವನಿಗೆ ಕೆಂಪು. ಪ್ರಣಿತಾಳಿಗೆ ಕೆಂಪು. ನೈರ್ಮಲ್ಯಕ್ಕೆ ಅಪಾಯ, ನೈರ್ಮಲ್ಯಕ್ಕೆ ಅಪಾಯ, ನೈರ್ಮಲ್ಯಕ್ಕೆ ಅಪಾಯ. ಹೊರಗೆ ಬರದೆ ಒಳಗೇ ಬಿಸ್ಕಿಟು ತಿಂದವರಷ್ಟೇ ತರಗತಿಯಲ್ಲಿದ್ದರು.

ಸಂಗಿಗೆ ಥಟ್ಟನೆ ಹೊಳೆಯಿತು. ಪದಕೇಂದ್ರದಲ್ಲಿ ಅದಕ್ಕೆ ಹಂಚಿಕೆ ಅನ್ನುತ್ತಿದ್ದರು. ಒಂದು ಚೌಕಟ್ಟಿನಲ್ಲಿ ಒಬ್ಬರನ್ನೊಬ್ಬರು ಮುಟ್ಟಿಕೊಂಡಿರುವವರು ಒಂದೇ ಕುಟುಂಬ, ಒಂದೇ ಬಗೆ ಎಂದು ಯಂತ್ರ ತಿಳಿಯುತ್ತಿತ್ತು. ಒಬ್ಬರ ಪದವನ್ನು ಉಳಿದವರಿಗೂ ಹಚ್ಚುತ್ತಿತ್ತು. ಕೆಲಸ ಬೇಗ ಸಾಗಲೆಂದು ಯಾರೋ ಎಂಜಿನಿಯರ್ ಮಾಡಿದ ಸುಲಭೋಪಾಯ. ಮುಟ್ಟಿದರೆ ಮೈಲಿಗೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಅದನ್ನು ಅವನು ಲೆಕ್ಕದಿಂದಲೇ ಕಂಡುಹಿಡಿದಿದ್ದ.

ಗೇಟಿನ ಮುಂದೆ ತಾಯಿತಂದೆಗಳು ಜಮಾಯಿಸಿದರು. ಒಬ್ಬಾಕೆ ಮಗನನ್ನು ನಲ್ಲಿಯ ಕೆಳಗೆ ಹಿಡಿದು ಮುಖ ಉಜ್ಜುತ್ತಿದ್ದಳು, ಅವನು ಹುಯ್ಯಲಿಡುತ್ತಿದ್ದ. ಬಸವಂತಗೌಡರ ಕಾರು ಬಂತು. ಅವರು ಮೊಮ್ಮಗಳನ್ನು ಎತ್ತಿಕೊಂಡು ತಾವೇ ಕಣ್ಣಿನ ಮುಂದೆ ನಿಂತರು. ಮೊಮ್ಮಗಳು ಕಂಕುಳಲ್ಲಿದ್ದಳು, ಕೈ ಕೊರಳಿಗಿತ್ತು. ಗೌಡರಿಗೂ ಕೆಂಪು ಬಿತ್ತು.

ಜನ ತಿರುಗಿ ರಸ್ತೆಯತ್ತ ನೋಡಿದರು. ಆಚೆ ದಂಡೆಯಲ್ಲಿ ಹುಲಿಗೆಮ್ಮ ಹಂಡೆಯ ಪಕ್ಕ ಸೌಟು ಹಿಡಿದು ನಿಂತಿದ್ದಳು. ನಗಲಿಲ್ಲ. "ಬರ್ರಿ ಗೌಡ್ರ, ಅನ್ನ ಇನ್ನೂ ಐತಿ" ಅಂದಳು.

ಗೌಡರು ಫೋನು ತೆಗೆದರು.

ಬಹಳ ಹೊತ್ತು ಬೇಕಾಗಲಿಲ್ಲ. ಗೌಡರ ಡ್ರೈವರ್ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಮುಗಿಸುವಷ್ಟರಲ್ಲಿ ದೀಪ ಹಸಿರಾಯಿತು. ಗೌಡರಿಗೆ, ಪ್ರಣಿತಾಳಿಗೆ, ಎಲ್ಲ ಮಕ್ಕಳಿಗೆ. ಕೇರಿಯ ಮಕ್ಕಳಿಗೂ ಹಸಿರು ಬಂತು. ಬೇರೆ ಮಾಡಲು ಸಮಯವಿರಲಿಲ್ಲ ಅಂತ ಕಾಣುತ್ತದೆ. ಜನ ಉಸಿರು ಬಿಟ್ಟರು. ಹುಲಿಗೆಮ್ಮ ಸೌಟು ಕೆಳಗಿಟ್ಟು, ರಸ್ತೆ ದಾಟಿ, ಅದೇ ಗೇಟಿನ ಮುಂದೆ ನಿಂತಳು.

ಕೆಂಪು.

ಸಂಗಿ ಪ್ರಾಂಶುಪಾಲರ ಅಂಗಿಯ ತೋಳು ಹಿಡಿದಳು. "ಸರ್, ಎಲ್ಲಾರದೂ ಸರಿ ಆತು. ನಮ್ಮವ್ವಂದು?"

"ತಂಗಿ, ಕೇಳಿಲ್ಲಿ." ಚನ್ನವೀರಪ್ಪ ಮೆಲ್ಲಗೆ ತೋಳು ಬಿಡಿಸಿಕೊಂಡರು. "ಕಂಪನಿಯವರು ಹೇಳಿದ್ರು. ಮಕ್ಕಳದು ದೋಷ. ಅದನ್ನ ತೆಗೀಬಹುದು. ನಿಮ್ಮವ್ವಂದು ದೋಷ ಅಲ್ಲ, ದತ್ತಾಂಶ."

ಸಂಜೆ ಹುದ್ದೆ ಮುಂದಿನ ಹೆಸರಿನವಳಿಗೆ ಹೋಯಿತು. ರಸ್ತೆ ಬದಿಯಲ್ಲಿ ಅನುಮತಿಯಿಲ್ಲದೆ ಅಡುಗೆ ಮಾಡಿ ಮಕ್ಕಳ ಆರೋಗ್ಯಕ್ಕೆ ಧಕ್ಕೆ ತಂದದ್ದಕ್ಕೆ ಹುಲಿಗೆಮ್ಮನಿಗೊಂದು ನೋಟಿಸು ಬಂತು. ಅವಳು ಹಂಡೆಯನ್ನು ಮರಳು ಹಾಕಿ ಬೆಳಗಿ, ಬೋರಲು ಹಾಕಿದಳು. ಮಗಳ ಕಡೆ ನೋಡದೆ ಅಂದಳು: "ಅವ್ರು ಫೋನ್ ಹಚ್ಚಿದ್ದು ಎಲ್ಲಿಗೆ?"

ಸಂಗಿಗೂ ಅದೇ ಪ್ರಶ್ನೆ ಕೊರೆಯುತ್ತಿತ್ತು. ಉತ್ತರ ಮರುದಿನ ಶಾಹೀನಳ ಬಾಯಲ್ಲಿ ಬಂತು.

"ಇಲ್ಲಿಗ ಬಂದಿತ್ತಬೇ ಫೋನು. ಶ್ರೀವತ್ಸ ಸರ್ ಓಡಿ ಬಂದು ನನಗ ಹೇಳಿದ್ರು, ಈ ಮುಖಗಳ ಹಂಚಿಕೆ ಕಿತ್ತಾಕು ಅಂತ. ಪರದಿ ಮ್ಯಾಲ ಒಂದ ಗುಂಡಿ ಐತಿ, ಒತ್ತಿದ್ರ ನೇರ ಕಣ್ಣಿಗೇ ಹೋಗತೈತಿ, ಸರ್ ಬೆರಳಚ್ಚಿಗಷ್ಟ ತೆರೀತೈತಿ. ನಾ ಇಷ್ಟು ವರ್ಷ ಅದೀನಿ, ಅಂಥಾದೊಂದು ಐತಿ ಅಂತ ನನಗ ಗೊತ್ತಿರಲಿಲ್ಲ."

ಸಂಗಿ ಶ್ರೀವತ್ಸನ ಗಾಜಿನ ಕೋಣೆಗೆ ನುಗ್ಗಿದಳು. "ಆ ಗುಂಡಿ ನಮ್ಮವ್ವನ ಸಲುವಾಗೂ ಒತ್ರಿ."

ಶ್ರೀವತ್ಸ ಕೆಟ್ಟವನಲ್ಲ. ಕುರ್ಚಿ ತೋರಿಸಿದ, ನೀರು ಕೊಟ್ಟ. "ನನಗೂ ಬೇಜಾರೈತ್ರಿ. ಆದ್ರ ಆ ಚಿತ್ರ ಇನ್ನೂ ಮಾರಾಕತ್ತೈತಿ. ಮಾರೋ ಚಿತ್ರದ ಪದ ಕಣ್ಣಿನಾಗಿಂದ ತಗಿಯಂಗಿಲ್ಲ, ಮ್ಯಾಲಿನವ್ರ ನಿಯಮ. ಮಾರೂದು ನಿಂತ್ರ ನಾನ ಒತ್ತೀನಿ, ಪ್ರಾಮಿಸ್."

"ಮಾರೂದು ಯಾವಾಗ ನಿಲ್ತೈತ್ರಿ?"

"ಕೊಳ್ಳೋರು ಬ್ಯಾಡಂದಾಗ."

ಅವಳು ನೀರು ಕುಡಿಯದೆ ಎದ್ದು ಬಂದಳು. ಮೇಜಿನ ಪರದೆಯ ಮೇಲೆ ಆ ದಿನದ ಚಿತ್ರಗಳು ಕಾಯುತ್ತಿದ್ದವು. ಮೊದಲನೆಯದನ್ನು ತೆರೆದಳು. ನಿನ್ನೆ ಗೇಟಿನೆದುರು ಯಾರೋ ತೆಗೆದದ್ದು. ಮುಚ್ಚಿದ ಗೇಟು, ಕೆಂಪು ದೀಪ, ಗೇಟಿನ ಹೊರಗೆ ಅಳುವ ಮಕ್ಕಳು, ಹಿಂದೆ ರಸ್ತೆಯ ಆಚೆ ಹಂಡೆಯ ಪಕ್ಕ ನಿಂತ ಹೆಂಗಸು. ತಪಾಸಣೆ ಮಾಡಿ ಕಣ್ಣು ಆಗಲೇ ಸಲಹೆಗಳನ್ನು ಸಾಲಿಟ್ಟಿತ್ತು: ಕೊಳಕು, ಬೀದಿ ಊಟ, ಸೋಂಕು, ಗ್ರಾಮೀಣ ಮಕ್ಕಳು. ಒಪ್ಪಿಗೆ ಎಂದು ಒತ್ತಿದರೆ ಮುಗಿಯುತ್ತಿತ್ತು.

ಸಂಗಿ ನಾಲ್ಕನ್ನೂ ಅಳಿಸಿದಳು. ಮೊದಲ ಜಾಗದಲ್ಲಿ ಒಂದೇ ಪದ ಬರೆದಳು.

ಅಸ್ಪೃಶ್ಯತೆ.

ಯಂತ್ರ ಒಂದು ಕ್ಷಣ ತಡವರಿಸಿತು. ಚಿತ್ರಕ್ಕೆ ಹೊಂದುವುದಿಲ್ಲ ಅನ್ನಲಿಲ್ಲ. ಅನ್ನಲು ಸಾಧ್ಯವಿರಲಿಲ್ಲ. ಬೇರೆ ಮಾತು ಹೇಳಿತು: "ಈ ಪದವನ್ನು ಯಾರೂ ಹುಡುಕುತ್ತಿಲ್ಲ. ತೆಗೆದುಹಾಕಬೇಕೆ?"

ಬೇಡ ಎಂದು ಒತ್ತಿದಳು. ಪದ ತಾನಾಗಿ ಜಾರಿ ಸಾಲಿನ ಕೊನೆಗೆ ಹೋಗಿ ನಿಂತಿತು. ಅವಳು ಅದನ್ನು ಹಿಡಿದೆಳೆದು ಮೊದಲ ಜಾಗಕ್ಕೆ ತಂದಳು. ಮತ್ತೆ ಜಾರಿತು. ಮತ್ತೆ ಎಳೆದಳು. ಪಕ್ಕದಲ್ಲಿ ಶಾಹೀನ್ ಟೈಪ್ ಮಾಡುವುದನ್ನು ನಿಲ್ಲಿಸಿದಳು.

ಗಾಜಿನ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಶ್ರೀವತ್ಸ ಅವಳ ಕುರ್ಚಿಯ ಹಿಂದೆ ಬಂದು ನಿಂತ.

"ಸಂಗೀ, ಅದು ಮಾರೂದಿಲ್ರಿ. ಬಿಡ್ರಿ, ಮುಂದಿನ ಚಿತ್ರ ತಗೋರಿ."

"ನನ್ನ ಹೆಸರು ಸಂಘಮಿತ್ರಾ" ಅಂದಳು. ಪದ ಜಾರಿತು. ಅವಳು ಮತ್ತೆ ಎಳೆದು ಮೊದಲಿಗೆ ತಂದಿಟ್ಟು, ಕೈ ತೆಗೆಯಲಿಲ್ಲ. "ಇದು ಇನ್ನೂ ಮುಗಿದಿಲ್ರಿ."